ಎಪಿಎಲ್‌ಎ ಮತ್ತು ಮಾಸು: ರಕ್ತ ಹೆಪ್ಪುಗಟ್ಟಿ ಮಗು ಹೋಗುವುದೋ, ಪ್ರತಿಕಾಯ ಮಾಸಿನ ಜೀವಕೋಶವನ್ನೇ ಕೆಡಿಸುವುದೋ?

ಕಕ್ಕಬ್ಬೆ_ಏಲಕ್ಕಿ
ಕೊಡಗಿನ ಆಶಾ ಕಾರ್ಯಕರ್ತೆಯರಿಗೂ ಉಪಕೇಂದ್ರದ ಸಿಸ್ಟರ್‌ಗಳಿಗೂ ಹಂಚಲು ಒಂದು ಪುಟದ ಟಿಪ್ಪಣಿ ತಯಾರಾಗುತ್ತಿದೆ. ವಿಷಯ ಫಾಸ್ಫೋಲಿಪಿಡ್ ಎಂಬ ಕೊಬ್ಬಿನ ವಿರುದ್ಧದ ಪ್ರತಿಕಾಯಗಳು (ಆ್ಯಂಟಿಬಾಡಿ), ಎಲ್ಲರ ಬಾಯಲ್ಲಿ 'ಎಪಿಎಲ್‌ಎ'. ಕರಡಿನ ಮುಖ್ಯ ಸಾಲು ಹೀಗಿದೆ (ಮಾಸು ಅಂದರೆ ಪ್ಲಸೆಂಟಾ): "ಈ ಪ್ರತಿಕಾಯಗಳು ಮಾಸಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿಸುತ್ತವೆ, ಮಗುವಿಗೆ ರಕ್ತ ಸಿಗದೆ ಗರ್ಭ ಹೋಗುತ್ತದೆ."

ಇದು ಅರ್ಧ ಸತ್ಯ ಅಂತ ಒಬ್ಬರು ಗೀಟು ಹಾಕಿ ವಾಪಸ್ ಕಳಿಸಿದ್ದಾರೆ. ಹಾಗಾದರೆ ಪೂರ್ತಿ ಸತ್ಯ ಏನು? ಜೊತೆಗೆ ಮೂರು ವಿಷಯ ಖಚಿತವಾಗಿ ಬೇಕು. ಯಾರಿಗೆ ಟೆಸ್ಟ್ ಮಾಡಿಸಬೇಕು, ಮಳೆಗಾಲದಲ್ಲಿ ರಕ್ತವನ್ನು ಹೇಗೆ ಕಳಿಸಬೇಕು, ಹೊಟ್ಟೆಗೆ ಚುಚ್ಚುವ ಇಂಜೆಕ್ಷನ್ ಬಗ್ಗೆ ಮನೆಯವರಿಗೆ ಏನು ಹೇಳಬೇಕು.

ಬರಪೊಳೆ
ಮೊದಲು ಎಪಿಎಲ್‌ಎಗೂ ಎಪಿಎಲ್ ಕಾರ್ಡಿಗೂ ಸಂಬಂಧ ಇಲ್ಲ ಅಂತ ಬರೆಯಿರಿ. ರೇಷನ್ ಅಂಗಡಿ ಮುಂದೆ ಕ್ಯೂ ನಿಂತಾರು.

ಔಷಧಂಗಡಿ
ಆಶಾ ಅವರಿಗೆ ಈ ಸಾಲು ಸಾಕಲ್ಲ. ಹೆಪ್ಪುಗಟ್ಟುತ್ತದೆ, ಅದಕ್ಕೆ ಹೆಪ್ಪು ತಡೆಯುವ ಔಷಧಿ. ಮಾತ್ರೆ ಯಾಕೆ, ಇಂಜೆಕ್ಷನ್ ಯಾಕೆ ಎಲ್ಲದಕ್ಕೂ ಒಂದೇ ಉತ್ತರ.

ಗಾಜುಪಟ್ಟಿ
ಸಾಲದು. ಸುಲಭವಾಗಿ ಹೇಳುವುದು ಬೇರೆ, ತಪ್ಪು ಹೇಳುವುದು ಬೇರೆ. ಎಪಿಎಲ್‌ಎ ಇದ್ದು ಮಗು ಕಳೆದುಕೊಂಡವರ ಮಾಸನ್ನು ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಷ್ಟೋ ಸಲ ಹೆಪ್ಪೇ ಕಾಣುವುದಿಲ್ಲ. ಕಂಡರೂ ಅದು ಈ ಕಾಯಿಲೆಗೆ ಮಾತ್ರ ಮೀಸಲಾದ ಗುರುತಲ್ಲ, ಬಿಪಿ ಏರಿದ ಬಸುರಿಯರ ಮಾಸಿನಲ್ಲೂ ಅದೇ ಸತ್ತ ತೇಪೆಗಳು ಇರುತ್ತವೆ.

ಇನ್ನೊಂದು ಲೆಕ್ಕ ನೋಡಿ. ಮೊದಲ 10 ವಾರ ತಾಯಿಯ ರಕ್ತ ಮಾಸಿನೊಳಗೆ ಧಾರಾಳವಾಗಿ ಹರಿಯುವುದೇ ಇಲ್ಲ. ಗರ್ಭಕೋಶದ ಸುರುಳಿ ರಕ್ತನಾಳಗಳ ಬಾಯಿಗೆ ಮಾಸಿನ ಜೀವಕೋಶಗಳೇ ಬಿರಡೆಯ ಹಾಗೆ ಕೂತಿರುತ್ತವೆ. ಸೋಸಿದಂತೆ ಪ್ಲಾಸ್ಮಾ ಮಾತ್ರ ಒಳಗೆ ಬರುತ್ತದೆ. ಆ ಬಿರಡೆ ಸಡಿಲವಾಗುವುದು 10ರಿಂದ 12 ವಾರದ ಹೊತ್ತಿಗೆ. ಹಾಗಿರುವಾಗ 7ನೇ ವಾರಕ್ಕೆ ಹೋದ ಗರ್ಭವನ್ನು 'ಮಾಸಿನಲ್ಲಿ ರಕ್ತ ಹೆಪ್ಪುಗಟ್ಟಿತು' ಅಂತ ವಿವರಿಸುವುದು ಹೇಗೆ? ಹರಿಯದ ಹೊಳೆಗೆ ಕಟ್ಟೆ ಕಟ್ಟಿದ ಹಾಗಾಯಿತು.

ಔಷಧಂಗಡಿ
ಸರಿ, ಒಪ್ಪಿದೆ. ಹೆಪ್ಪಲ್ಲ ಅಂದಮೇಲೆ ಮತ್ತೇನು?

ತಡಿಯಂಡಮೋಳ್
ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಹೆಸರೇ ದಾರಿ ತಪ್ಪಿಸುತ್ತದೆ. ಈ ಪ್ರತಿಕಾಯಗಳಲ್ಲಿ ಕಾಟ ಕೊಡುವವು ನೇರವಾಗಿ ಫಾಸ್ಫೋಲಿಪಿಡ್ ಎಂಬ ಕೊಬ್ಬಿಗೆ ಅಂಟುವುದಿಲ್ಲ. ಕೊಬ್ಬಿನ ಮೇಲೆ ಕೂತ ಬೀಟಾ-2 ಗ್ಲೈಕೋಪ್ರೋಟೀನ್-1 ಎಂಬ ಪ್ರೋಟೀನಿಗೆ ಅಂಟುತ್ತವೆ. ಇದು ಗೊತ್ತಾದದ್ದು 1990ರಲ್ಲಿ. ಆ ಪ್ರೋಟೀನ್ ನಮ್ಮೆಲ್ಲರ ರಕ್ತದಲ್ಲೂ ಇದೆ, ಐದು ಮಣಿಗಳ ಸರದ ಹಾಗೆ. ರಕ್ತದಲ್ಲಿ ತೇಲುವಾಗ ಉಂಗುರದಂತೆ ಸುತ್ತಿಕೊಂಡಿರುತ್ತದೆ. ಐದನೇ ಮಣಿ ಜೀವಕೋಶದ ಪೊರೆಗೆ ಕಚ್ಚಿಕೊಂಡರೆ ಸರ ಬಿಚ್ಚಿ ಗಾಳದ ಕೊಕ್ಕೆಯಂತೆ ನಿಲ್ಲುತ್ತದೆ. ಆಗ ಮೊದಲನೇ ಮಣಿ ಹೊರಗೆ ಕಾಣುತ್ತದೆ, ಪ್ರತಿಕಾಯ ಹಿಡಿಯುವುದು ಅದನ್ನೇ.

ಮಾಸಿಗೇ ಯಾಕೆ ಈ ಗತಿ ಅಂದರೆ, ಬೇರೆ ಆರೋಗ್ಯವಂತ ಜೀವಕೋಶಗಳು ಫಾಸ್ಫಟೈಡಿಲ್‌ಸೆರಿನ್ ಎಂಬ ಕೊಬ್ಬನ್ನು ಪೊರೆಯ ಒಳಮೈಯಲ್ಲಿ ಬಚ್ಚಿಟ್ಟುಕೊಂಡಿರುತ್ತವೆ. ಮಾಸಿನ ಟ್ರೋಫೋಬ್ಲಾಸ್ಟ್ ಜೀವಕೋಶಗಳು ಒಂದಕ್ಕೊಂದು ಬೆಸೆದು ಒಂದೇ ಹೊದಿಕೆ ಆಗಬೇಕಲ್ಲ, ಆ ಬೆಸುಗೆಯ ಹೊತ್ತಿನಲ್ಲಿ ಅದೇ ಕೊಬ್ಬು ಹೊರಮೈಗೆ ಬರುತ್ತದೆ. ಬೀಟಾ-2 ಬಂದು ಕೂರಲು ಮಣೆ ಹಾಕಿ ಕೊಟ್ಟ ಹಾಗೆ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಲು ಪ್ರತಿಕಾಯದ ಜೊತೆಗೆ ಇನ್ನೊಂದು ಏಟು ಬೇಕು: ಸೋಂಕು, ಆಪರೇಷನ್, ಮಲಗಿಯೇ ಇರುವುದು. ಮಾಸಿನಲ್ಲಿ ಆ ಎರಡನೇ ಏಟಿಗೆ ಕಾಯಬೇಕಿಲ್ಲ.

ಅಂಟಿದ ಮೇಲೆ ಏನೇನಾಗುತ್ತದೆ:

ಟಿಎಲ್‌ಆರ್-4 ಅಂತ ಒಂದು ಗ್ರಾಹಕ ಇದೆ, ಬ್ಯಾಕ್ಟೀರಿಯಾ ಬಂದಾಗ ಕೂಗು ಹಾಕುವ ಕಾವಲು ನಾಯಿ. ಪ್ರತಿಕಾಯ ಅದನ್ನು ಸುಳ್ಳುಸುಳ್ಳೇ ಎಬ್ಬಿಸುತ್ತದೆ. ಮಾಸಿನ ಜೀವಕೋಶ ಐಎಲ್-8, ಐಎಲ್-1 ಬೀಟಾ ಎಂಬ ಉರಿಯೂತದ ರಾಸಾಯನಿಕ ಸುರಿಸುತ್ತದೆ. ಸೋಂಕಿಲ್ಲ, ಆದರೂ ಉರಿಯೂತ.

ಜೀವಕೋಶಗಳ ಓಡಾಟವೂ ಕುಗ್ಗುತ್ತದೆ. ಟ್ರೋಫೋಬ್ಲಾಸ್ಟ್ ಗರ್ಭಕೋಶದ ಗೋಡೆಯೊಳಗೆ ತೂರಿ, ಸುರುಳಿ ರಕ್ತನಾಳದ ಬಿಗಿಯಾದ ಸ್ನಾಯು ಕಿತ್ತು, ಅಗಲ ಕಾಲುವೆ ಮಾಡಬೇಕು. ಪ್ರತಿಕಾಯ ಇದ್ದರೆ ಈ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಇದಕ್ಕೆ ಟಿಎಲ್‌ಆರ್-4 ಬೇಕಿಲ್ಲ, ಬೇರೆ ಗ್ರಾಹಕದ ದಾರಿ. ನಾಳ ಅಗಲವಾಗದಿದ್ದರೆ 20 ವಾರ ಕಳೆದ ಮೇಲೆ ಬಿಪಿ, ಮಗುವಿನ ತೂಕ ಏರದಿರುವುದು, ಕೊನೆಗೆ ಹೊಟ್ಟೆಯಲ್ಲೇ ಮಗು ಹೋಗುವುದು. ಎಚ್‌ಸಿಜಿ ಎಂಬ ಗರ್ಭದ ಹಾರ್ಮೋನ್ ಸ್ರವಿಸುವುದೂ ಕಡಿಮೆಯಾಗುತ್ತದೆ.

ಅನೆಕ್ಸಿನ್ ಎ-5 ಎಂಬ ಪ್ರೋಟೀನ್ ಮಾಸಿನ ಮೇಲ್ಮೈಗೆ ಹೆಂಚು ಹೊದಿಸಿದ ಹಾಗೆ ಇರುತ್ತದೆ. ಪ್ರತಿಕಾಯ ಆ ಹೆಂಚು ಕಿತ್ತುಹಾಕುತ್ತದೆ. ಇಲ್ಲಿ ಮಾತ್ರ ಹೆಪ್ಪಿನ ಕಥೆಗೆ ಜಾಗ ಇದೆ. ಹಾಗಾಗಿ ಕರಡು ಪೂರ್ತಿ ಸುಳ್ಳಲ್ಲ, ಕೊನೆಯ ಅಧ್ಯಾಯವನ್ನು ಮೊದಲ ಅಧ್ಯಾಯ ಮಾಡಿದೆ ಅಷ್ಟೆ.

ಗಾಜುಪಟ್ಟಿ
ಕಾಂಪ್ಲಿಮೆಂಟ್ ಬಿಟ್ಟುಬಿಟ್ಟಿರಿ. ಪ್ರತಿಕಾಯ ಅಂಟಿದ ಕಡೆ ರಕ್ತದಲ್ಲಿರುವ ಕಾಂಪ್ಲಿಮೆಂಟ್ ಎಂಬ ರೋಗನಿರೋಧಕ ಪ್ರೋಟೀನುಗಳು ಸರಪಳಿಯಂತೆ ಹೊತ್ತಿಕೊಳ್ಳುತ್ತವೆ, ಸಿ-5ಎ ಎಂಬ ತುಣುಕು ಬಿಳಿ ರಕ್ತಕಣಗಳನ್ನು ಕರೆಯುತ್ತದೆ. ಇಲಿಗಳಲ್ಲಿ ಸಿ-3 ಎಂಬ ಕಾಂಪ್ಲಿಮೆಂಟ್ ಪ್ರೋಟೀನ್ ತೆಗೆದುಹಾಕಿದರೆ ಪ್ರತಿಕಾಯ ಚುಚ್ಚಿದರೂ ಮರಿ ಉಳಿಯಿತು. 2004ರ ಪ್ರಯೋಗ ಇನ್ನೂ ಚೆಂದ. ಹೊಟ್ಟೆಗೆ ಚುಚ್ಚುವ ಇಂಜೆಕ್ಷನ್ನಿನ ಔಷಧಿ ಹೆಪಾರಿನ್ ಕೊಟ್ಟ ಇಲಿಗಳ ಮರಿ ಉಳಿದವು. ಹೆಪ್ಪು ತಡೆಯುವುದರಲ್ಲಿ ಹಿಂದೆ ಬೀಳದ ಹಿರುಡಿನ್, ಫಾಂಡಾಪರಿನಕ್ಸ್ ಕೊಟ್ಟ ಇಲಿಗಳಲ್ಲಿ ಉಳಿಯಲಿಲ್ಲ. ಹೆಪ್ಪೇ ಕಾರಣವಾಗಿದ್ದರೆ ಮೂರೂ ಕೆಲಸ ಮಾಡಬೇಕಿತ್ತು. ಹೆಪಾರಿನ್ ಗೆದ್ದದ್ದು ಕಾಂಪ್ಲಿಮೆಂಟ್ ತಡೆದದ್ದಕ್ಕೆ.

ಔಷಧಂಗಡಿ
ಅಂದರೆ 'ರಕ್ತ ತೆಳು ಮಾಡುವ ಇಂಜೆಕ್ಷನ್' ಅಂತ ಕೌಂಟರ್‌ನಲ್ಲಿ ಹೇಳುವುದೂ ತಪ್ಪೇ?

ತಡಿಯಂಡಮೋಳ್
ತಪ್ಪಲ್ಲ, ಅಪೂರ್ಣ. 'ಮಾಸು ಕಾಪಾಡುವ ಇಂಜೆಕ್ಷನ್' ಅನ್ನಿ. 'ರಕ್ತ ತೆಳು' ಅಂದ ಕೂಡಲೇ ಮನೆಯವರಿಗೆ ಎರಡು ಯೋಚನೆ ಬರುತ್ತದೆ: ರಕ್ತಹೀನತೆ ಆಗುತ್ತದೆ ಅಂತ ಒಂದು, ಹೆರಿಗೆಯಲ್ಲಿ ರಕ್ತ ನಿಲ್ಲುವುದಿಲ್ಲ ಅಂತ ಇನ್ನೊಂದು. ಎರಡನೇ ಭಯಕ್ಕೆ ಮೂರನೇ ತಿಂಗಳಲ್ಲೇ ಇಂಜೆಕ್ಷನ್ ನಿಲ್ಲಿಸಿಬಿಡುತ್ತಾರೆ.

ಸೋಮವಾರಪೇಟೆ92
ತಾಯಿ ನೆಗೆಟಿವ್ ಗ್ರೂಪ್, ಮಗು ಪಾಸಿಟಿವ್ ಆದರೆ ಬರುವುದೂ ಇದೇ ಅಲ್ಲವಾ? ಅದಕ್ಕೊಂದು ಇಂಜೆಕ್ಷನ್ ಇದೆ.

ಹೆರಿಗೆವಾರ್ಡ್
ಅಲ್ಲ. ಇದನ್ನು ಟಿಪ್ಪಣಿಯಲ್ಲಿ ದಪ್ಪ ಅಕ್ಷರದಲ್ಲಿ ಹಾಕಿ, ಎಲ್ಲರೂ ಬೆರೆಸುತ್ತಾರೆ. ಆರ್‌ಎಚ್ ಪ್ರತಿಕಾಯ ಮಾಸನ್ನು ದಾಟಿಹೋಗಿ ಮಗುವಿನ ಕೆಂಪು ರಕ್ತಕಣ ಒಡೆಯುತ್ತದೆ, ಮಾಸು ಅದಕ್ಕೆ ಬರೀ ದಾರಿ. ಎಪಿಎಲ್‌ಎಯಲ್ಲಿ ಏಟು ಬೀಳುವುದು ಮಾಸಿಗೇ. ಆರ್‌ಎಚ್‌ಗೆ ಕೊಡುವುದು ಆ್ಯಂಟಿ-ಡಿ 300 ಮೈಕ್ರೋಗ್ರಾಂ, 28 ವಾರಕ್ಕೊಂದು, ಹೆರಿಗೆಯಾಗಿ ಮಗು ಪಾಸಿಟಿವ್ ಆದರೆ 72 ಗಂಟೆಯೊಳಗೆ ಇನ್ನೊಂದು. ಅದಕ್ಕೂ ಹೆಪಾರಿನ್‌ಗೂ ಯಾವ ನಂಟೂ ಇಲ್ಲ.

ಮೂರನೆಯದೂ ಒಂದಿದೆ, ಆ್ಯಂಟಿ-ರೋ. ಅದು ಮಾಸು ದಾಟಿ ಮಗುವಿನ ಹೃದಯದ ವಿದ್ಯುತ್ ದಾರಿ ಕೆಡಿಸಿ ಬಡಿತ ನಿಧಾನ ಮಾಡುತ್ತದೆ. ಈ ಪ್ರತಿಕಾಯ ಇರುವವರಲ್ಲಿ ನೂರಕ್ಕೆ ಒಂದೋ ಎರಡೋ ಮಗುವಿಗೆ. ಮಗುವಿನ ಎದೆಬಡಿತ ಕೇಳುವ ಡಾಪ್ಲರ್ ಹಿಡಿದಾಗ ಬಡಿತ 60ರ ಆಸುಪಾಸು ಕೇಳಿದರೆ ತಾಯಿಯ ನಾಡಿ ಅಂತ ಬಿಟ್ಟುಬಿಡಬೇಡಿ, ತಾಯಿಯ ಕೈ ನಾಡಿ ಹಿಡಿದು ಹೋಲಿಸಿ.

ಹಾಲೇರಿ_ಹಟ್ಟಿ
ಪಶುವೈದ್ಯದ ಕಡೆಯಿಂದ ಒಂದು ಮಾತು. ಹಸುವಿಗೆ ಈ ತೊಂದರೆ ಬರುವುದಿಲ್ಲ. ಹಸುವಿನ ಸತ್ತೆಯಲ್ಲಿ, ಅಂದರೆ ಮಾಸಿನಲ್ಲಿ, ತಾಯಿಯ ರಕ್ತಕ್ಕೂ ಕರುವಿನ ರಕ್ತಕ್ಕೂ ನಡುವೆ ಪೂರಾ ಪದರಗಳಿವೆ, ಪ್ರತಿಕಾಯ ದಾಟುವುದೇ ಇಲ್ಲ. ಅದಕ್ಕೇ ಕರುವಿಗೆ ಹುಟ್ಟಿದ ಮೊದಲ ಕೆಲವು ಗಂಟೆಯಲ್ಲೇ ಗಿಣ್ಣುಹಾಲು ಕುಡಿಸಬೇಕು. ದಿನ ಕಳೆದರೆ ಕರುಳು ಅದನ್ನು ಹೀರುವುದಿಲ್ಲ. ಮನುಷ್ಯರ ಮಾಸಿನಲ್ಲಿ ತಾಯಿಯ ರಕ್ತ ನೇರವಾಗಿ ಮಾಸಿನ ಜೀವಕೋಶಕ್ಕೇ ಸವರಿಕೊಂಡು ಹರಿಯುತ್ತದೆ. ಮಗು ಹುಟ್ಟುವಾಗಲೇ ತಾಯಿಯ ಪ್ರತಿಕಾಯ ಹೊತ್ತು ಬರುತ್ತದೆ, ಅದೇ ದಾರಿಯಲ್ಲಿ ಕೆಟ್ಟದ್ದೂ ಬರುತ್ತದೆ.

ಬರಪೊಳೆ
ಹಸು ಕಂದು ಹಾಕುವುದು ಮತ್ತೆ ಯಾಕೆ?

ಹಾಲೇರಿ_ಹಟ್ಟಿ
ಕಾರಣ ಹಲವು. ಕೊನೆಯ ಮೂರು ತಿಂಗಳಲ್ಲಿ ಹಾಕಿದರೆ ಮೊದಲ ಸಂಶಯ ಬ್ರುಸೆಲ್ಲಾ ರೋಗಾಣು. ಬರಿಗೈಯಲ್ಲಿ ಸತ್ತೆ ಎಳೆಯಬೇಡಿ, ತೋಟದಲ್ಲಿ ನಾಯಿಗೆ ಬಿಸಾಡಬೇಡಿ. ಸುಣ್ಣ ಹಾಕಿ ಆಳಕ್ಕೆ ಹೂಳಿ. ಮನೆಯಲ್ಲಿ ಬಸುರಿ ಇದ್ದರೆ ಕೊಟ್ಟಿಗೆಯ ಆ ಕೆಲಸಕ್ಕೆ ಅವರನ್ನು ಕಳಿಸಲೇಬೇಡಿ.

ಕಕ್ಕಬ್ಬೆ_ಏಲಕ್ಕಿ
ಕೊಟ್ಟಿಗೆಯಿಂದ ವಾಪಸ್ ಬನ್ನಿ. ಯಾರಿಗೆ ಟೆಸ್ಟ್?

ತಡಿಯಂಡಮೋಳ್
ತಾಯಿ ಕಾರ್ಡ್ ಹಿಡಿದು ಹಿಂದಿನ ಬಸುರಿನ ಕಥೆ ಕೇಳುವಾಗ ಮೂರರಲ್ಲಿ ಒಂದು ಸಿಕ್ಕಿದರೂ ಡಾಕ್ಟರ ಹತ್ತಿರ ಕಳಿಸಿ. 10 ವಾರ ಕಳೆದ ಮೇಲೆ, ಸ್ಕ್ಯಾನ್‌ನಲ್ಲಿ ಅಂಗಾಂಗ ಸರಿಯಿದ್ದ ಮಗು ಹೊಟ್ಟೆಯಲ್ಲೇ ಹೋಗಿರುವುದು, ಒಂದು ಸಲವಾದರೂ ಸರಿ. ಬಿಪಿ ವಿಪರೀತ ಏರಿಯೋ ಮಾಸು ಸೋತೋ 34 ವಾರಕ್ಕೆ ಮೊದಲೇ ಹೆರಿಗೆ ಮಾಡಿಸಬೇಕಾಗಿ ಬಂದದ್ದು. 10 ವಾರದೊಳಗೆ ಸಾಲಾಗಿ ಮೂರು ಗರ್ಭ ಹೋದದ್ದು, ಬೇರೆ ಕಾರಣ ಸಿಗದೆ. ಇದು 2006ರಲ್ಲಿ ಪರಿಷ್ಕರಿಸಿದ ಸಿಡ್ನಿ ಮಾನದಂಡ. 2023ರಲ್ಲಿ ಅಂಕ ಹಾಕುವ ಹೊಸ ಪದ್ಧತಿ ಬಂದಿದೆ, ಅದರಲ್ಲಿ ಬೇಗ ಹೋದ ಗರ್ಭಗಳಿಗೆ ತೂಕ ತುಂಬಾ ಕಡಿಮೆ. ಆದರೆ ಅದು ಸಂಶೋಧನೆಗೆ ರೋಗಿಗಳನ್ನು ಆಯಲು ಮಾಡಿದ್ದು, ಉಪಕೇಂದ್ರಕ್ಕೆ ಹಳೆಯದೇ ಅನುಕೂಲ. ಮೊದಲೇ ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದವರು, ಲೂಪಸ್ (ರೋಗನಿರೋಧಕ ಶಕ್ತಿ ಸ್ವಂತ ದೇಹದ ಮೇಲೆಯೇ ತಿರುಗುವ ಕಾಯಿಲೆ) ಇರುವವರು ಹೇಗೂ ಸೇರುತ್ತಾರೆ.

ಒಂದು ಸಲ ಏಳೆಂಟು ವಾರಕ್ಕೆ ಹೋದದ್ದಕ್ಕೆಲ್ಲ ಈ ಟೆಸ್ಟ್ ಬರೆಯಬೇಡಿ. ಅಂಥವುಗಳಲ್ಲಿ ಅರ್ಧಕ್ಕರ್ಧ ಭ್ರೂಣದ ವರ್ಣತಂತುವಿನ ಲೆಕ್ಕ ತಪ್ಪಿ ಹೋಗುವಂಥವು.

ಸೋಮವಾರಪೇಟೆ92
ರುಬೆಲ್ಲಾದಂಥ ಕೆಲವು ಸೋಂಕು ನೋಡುವ ಟಾರ್ಚ್ ಟೆಸ್ಟ್ ಸಾಕಲ್ಲ? ಎಲ್ಲರೂ ಅದನ್ನೇ ಬರೆಯುತ್ತಾರೆ.

ನೀಲಿಮುಚ್ಚಳ
ಎಲ್ಲರೂ ಬರೆಯುತ್ತಾರೆ, ದುಡ್ಡು ದಂಡ. ಟಾರ್ಚ್‌ನಲ್ಲಿ ಐಜಿಜಿ ಎಂಬ ಬಗೆಯ ಪ್ರತಿಕಾಯ ಪಾಸಿಟಿವ್ ಅಂದರೆ ಎಂದೋ ಸೋಂಕು ಬಂದು ಹೋಗಿದೆ ಅಂತ ಅರ್ಥ, ರುಬೆಲ್ಲಾ ಲಸಿಕೆ ಹಾಕಿಸಿಕೊಂಡವರಿಗೂ ಬರುತ್ತದೆ. ಪದೇಪದೇ ಗರ್ಭ ಹೋಗುವುದಕ್ಕೆ ಅದು ಕಾರಣ ತೋರಿಸುವುದಿಲ್ಲ. ಆ ದುಡ್ಡಿಗೆ ಎಪಿಎಲ್‌ಎಯ ಮೂರು ಟೆಸ್ಟ್ ಸರಿಯಾಗಿ ಮಾಡಿಸಿ.

ಮೂರು ಅಂದೆ, ಒಂದಲ್ಲ. ಲೂಪಸ್ ಆ್ಯಂಟಿಕೋಯಾಗುಲಂಟ್, ಕಾರ್ಡಿಯೋಲಿಪಿನ್ ಪ್ರತಿಕಾಯ, ಬೀಟಾ-2 ಪ್ರತಿಕಾಯ. ಕೊನೆಯ ಎರಡರಲ್ಲೂ ಐಜಿಜಿ, ಐಜಿಎಂ ಎಂಬ ಎರಡು ಬಗೆ ಬೇರೆಬೇರೆ. ರಿಪೋರ್ಟ್‌ನಲ್ಲಿ ಬರೀ 'ಎಪಿಎಲ್‌ಎ ಐಜಿಜಿ, ಐಜಿಎಂ' ಅಂತ ಎರಡು ಸಾಲು ಬಂದರೆ ಅದು ಯಾವುದನ್ನು ಅಳೆದದ್ದು ಅಂತ ಲ್ಯಾಬಿಗೆ ಫೋನ್ ಮಾಡಿ ಕೇಳಿ. ಬಹುಪಾಲು ಅದರಲ್ಲಿ ಲೂಪಸ್ ಆ್ಯಂಟಿಕೋಯಾಗುಲಂಟ್ ಇರುವುದಿಲ್ಲ. ಗರ್ಭಕ್ಕೆ ಎಲ್ಲಕ್ಕಿಂತ ಅಪಾಯ ಸೂಚಿಸುವುದು ಅದೇ.

ಕಾರ್ಡಿಯೋಲಿಪಿನ್ 40 ಯೂನಿಟ್‌ಗಿಂತ ಮೇಲಿದ್ದರೆ ಲೆಕ್ಕಕ್ಕೆ. 14, 18 ಅಂತ ಬಂದದ್ದಕ್ಕೆ ಹೌಹಾರಬೇಡಿ. ಪಾಸಿಟಿವ್ ಬಂದರೆ 12 ವಾರ ಬಿಟ್ಟು ಮತ್ತೆ. ಯಾಕೆಂದರೆ ಯಾವುದೋ ಜ್ವರ ಬಂದುಹೋದ ಮೇಲೂ ಐಜಿಎಂ ಸ್ವಲ್ಪ ಏರಿ ತಾನಾಗಿ ಇಳಿಯುತ್ತದೆ. ಗರ್ಭ ಹೋದ ವಾರವೇ ರಕ್ತ ತೆಗೆಯಬೇಡಿ, ಕನಿಷ್ಠ 6 ವಾರ ಕಳೆಯಲಿ.

ಹೆರಿಗೆವಾರ್ಡ್
ವಿಡಿಆರ್‌ಎಲ್ ಎಂಬ ಸಿಫಿಲಿಸ್ ಟೆಸ್ಟ್ ಬಗ್ಗೆಯೂ ಹೇಳಿ. ವಿಡಿಆರ್‌ಎಲ್ ಪಾಸಿಟಿವ್, ಟಿಪಿಎಚ್‌ಎ (ಸಿಫಿಲಿಸ್ ಖಚಿತಪಡಿಸುವ ಟೆಸ್ಟ್) ನೆಗೆಟಿವ್ ಬಂದರೆ ಅನೇಕ ಕಡೆ ಗಂಡ ಹೆಂಡಿರ ನಡುವೆ ಜಗಳ ಹಚ್ಚಿ ಕೈ ತೊಳೆದುಕೊಳ್ಳುತ್ತಾರೆ.

ನೀಲಿಮುಚ್ಚಳ
ಹೌದು, ಒಳ್ಳೆಯ ಸುಳಿವು ಅದು. ವಿಡಿಆರ್‌ಎಲ್ ಕಿಟ್‌ನಲ್ಲಿ ಇರುವ ಸರಕೇ ಕಾರ್ಡಿಯೋಲಿಪಿನ್. 1941ರಲ್ಲಿ ದನದ ಹೃದಯದಿಂದ ಬೇರ್ಪಡಿಸಿದ್ದು, ಹೆಸರು ಬಂದದ್ದೂ ಅದಕ್ಕೇ. ಹಾಗಾಗಿ ಎಪಿಎಲ್‌ಎ ಇದ್ದವರ ರಕ್ತ ಸಿಫಿಲಿಸ್ ಇಲ್ಲದೆಯೂ ವಿಡಿಆರ್‌ಎಲ್ ಪಾಸಿಟಿವ್ ತೋರಿಸಬಹುದು. ಆದರೆ ಕಾರ್ಡಿನಲ್ಲಿ 'ವಿಡಿಆರ್‌ಎಲ್' ಅಂತ ಅಚ್ಚಾಗಿದ್ದರೂ ಈಗ ಹಲವೆಡೆ ಮಾಡುವುದು ಎಚ್‌ಐವಿ, ಸಿಫಿಲಿಸ್ ಎರಡೂ ಒಂದೇ ಪಟ್ಟಿಯಲ್ಲಿ ನೋಡುವ ಕಿಟ್. ಅದು ಸಿಫಿಲಿಸ್ ರೋಗಾಣುವಿನ ಪ್ರೋಟೀನನ್ನು ಆಧರಿಸಿದ್ದು. ಅಲ್ಲಿ ಈ ಸುಳಿವು ಸಿಗುವುದಿಲ್ಲ.

ಕಕ್ಕಬ್ಬೆ_ಏಲಕ್ಕಿ
ರಕ್ತ ಕಳಿಸುವ ವಿಚಾರ? ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಸ್ತೆ, ಕರೆಂಟು ಎರಡನ್ನೂ ನಂಬುವ ಹಾಗಿಲ್ಲ.

ನೀಲಿಮುಚ್ಚಳ
ಎರಡು ಬೇರೆ ಟ್ಯೂಬ್, ಎರಡು ಬೇರೆ ನಡತೆ.

ಕಾರ್ಡಿಯೋಲಿಪಿನ್, ಬೀಟಾ-2ಕ್ಕೆ ಬೇಕಾದ್ದು ಸೀರಂ. ಕೆಂಪು ಅಥವಾ ಹಳದಿ ಮುಚ್ಚಳ. ಹೆಪ್ಪಾಗಲು ಬಿಟ್ಟು ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸಿ ಸೀರಂ ಬೇರೆ ಮಾಡಿದರೆ 2ರಿಂದ 8 ಡಿಗ್ರಿಯಲ್ಲಿ ಒಂದೆರಡು ದಿನ ಧಾರಾಳವಾಗಿ ತಡೆಯುತ್ತದೆ. ಬಸ್ಸಿನಲ್ಲಿ ಐಸ್ ಪ್ಯಾಕ್ ಜೊತೆ ಹೋದರೂ ಚಿಂತೆಯಿಲ್ಲ.

ಲೂಪಸ್ ಆ್ಯಂಟಿಕೋಯಾಗುಲಂಟ್ ಮಾತ್ರ ಮಹಾ ನಾಜೂಕು. ನೀಲಿ ಮುಚ್ಚಳ, ಒಳಗೆ ಹೆಪ್ಪು ತಡೆಯುವ 3.2% ಸಿಟ್ರೇಟ್. 0.3 ಎಂಎಲ್ ಸಿಟ್ರೇಟ್ ಇದ್ದರೆ ರಕ್ತ ಸರಿಯಾಗಿ 2.7 ಎಂಎಲ್, ಗೆರೆಯವರೆಗೆ. ಕಡಿಮೆ ತುಂಬಿದರೆ ಸಿಟ್ರೇಟ್ ಹೆಚ್ಚಾಗಿ ಹೆಪ್ಪುಗಟ್ಟುವ ಸಮಯ ಸುಮ್ಮನೆ ಉದ್ದವಾಗುತ್ತದೆ. ನಿಧಾನಕ್ಕೆ ಐದಾರು ಸಲ ಮಗುಚಿ, ಕುಲುಕಬೇಡಿ. ಐಸ್ ಮೇಲೆ ಇಡಲೇಬೇಡಿ, ಚಳಿಗೆ ಪ್ಲೇಟ್‌ಲೆಟ್ ಕೆರಳುತ್ತವೆ. 4 ಗಂಟೆಯೊಳಗೆ ತಿರುಗಿಸಿ ಪ್ಲಾಸ್ಮಾ ಬೇರೆ ಮಾಡಬೇಕು. ಒಮ್ಮೆ 15 ನಿಮಿಷ, ಮೇಲಿನ ಪ್ಲಾಸ್ಮಾ ಮಾತ್ರ ಪ್ಲಾಸ್ಟಿಕ್ ಟ್ಯೂಬಿಗೆ ತೆಗೆದು ಮತ್ತೊಮ್ಮೆ 15 ನಿಮಿಷ, ತಳದ ಸ್ವಲ್ಪ ಬಿಟ್ಟು ತೆಗೆಯಿರಿ. ಈ ಎರಡನೇ ಸುತ್ತು ಬಿಟ್ಟರೆ ಉಳಿದ ಪ್ಲೇಟ್‌ಲೆಟ್ಟುಗಳು ಫ್ರೀಜ್ ಆಗಿ ಕರಗುವಾಗ ಒಡೆದು ತಮ್ಮ ಫಾಸ್ಫೋಲಿಪಿಡ್ಡನ್ನು ಚೆಲ್ಲುತ್ತವೆ. ಪ್ರತಿಕಾಯ ಅದಕ್ಕೇ ಅಂಟಿ ಮುಗಿದುಹೋಗುತ್ತದೆ, ರಿಪೋರ್ಟ್ ನೆಗೆಟಿವ್! ಕಾಯಿಲೆ ಇದ್ದೂ ನೆಗೆಟಿವ್.

ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ., ರಸ್ತೆ ಚೆನ್ನಾಗಿದ್ದರೆ ಮೂರು ಗಂಟೆ. ಬೆಳಿಗ್ಗೆ ತೆಗೆದ ರಕ್ತ ಸಂಜೆ ಗಾಡಿ ಹತ್ತಿದರೆ 4 ಗಂಟೆ ಯಾವತ್ತೋ ಮುಗಿದಿರುತ್ತದೆ. ಮನೆ ಫ್ರಿಡ್ಜಿನ ಫ್ರೀಜರ್ ಬೇಡ. ಅದು ತಾನೇ ಕರಗಿಸಿಕೊಂಡು ಮತ್ತೆ ಗಟ್ಟಿ ಮಾಡುವ ಯಂತ್ರ, ಕರೆಂಟು ಹೋದರೆ ಇನ್ನೂ ಚೆಂದ. ಮೈನಸ್ 70 ಡಿಗ್ರಿಯೂ ಡ್ರೈ ಐಸೂ ಇಲ್ಲದಿದ್ದರೆ ಈ ಒಂದು ಟೆಸ್ಟಿಗೆ ಟ್ಯೂಬನ್ನಲ್ಲ, ಮನುಷ್ಯರನ್ನೇ ಕಳಿಸಿ. ಮೈಸೂರಿಗೋ ಮಂಗಳೂರಿಗೋ ಹೋಗಿ ಅಲ್ಲೇ ಕೊಡಲಿ. ಮಂಗಳೂರು ದಾರಿಯ ಸಂಪಾಜೆ ಘಾಟಿ 2018ರ ಹಾಗೆ ಕುಸಿದು ಮುಚ್ಚಿದ್ದರೆ ಮೈಸೂರೇ.

ಔಷಧಂಗಡಿ
ಇಂಜೆಕ್ಷನ್ ಮೇಲಿರುವವರಿಗೆ ಟೆಸ್ಟ್ ಆಗುತ್ತದಾ?

ನೀಲಿಮುಚ್ಚಳ
ಸೀರಂ ಟೆಸ್ಟ್ ಎರಡೂ ಆಗುತ್ತವೆ. ಲೂಪಸ್ ಆ್ಯಂಟಿಕೋಯಾಗುಲಂಟ್ ಟೆಸ್ಟಿಗೆ ಕೊನೆಯ ಇಂಜೆಕ್ಷನ್ ಆಗಿ ಕನಿಷ್ಠ 12 ಗಂಟೆ ಕಳೆದಿರಬೇಕು, ಫಾರಂನಲ್ಲಿ ಬರೆಯಲೇಬೇಕು. ಆ್ಯಸ್ಪಿರಿನ್‌ನಿಂದ ತೊಂದರೆಯಿಲ್ಲ. ಹೆಪ್ಪು ತಡೆಯುವ ಮಾತ್ರೆಗಳಾದ ವಾರ್ಫರಿನ್, ರಿವರಾಕ್ಸಬಾನ್ ತೆಗೆದುಕೊಳ್ಳುವವರಲ್ಲಿ ಈ ಟೆಸ್ಟಿನ ಫಲಿತಾಂಶ ನಂಬಬೇಡಿ.

ಬರಪೊಳೆ
ಲ್ಯಾಬಿನಲ್ಲಿ ಹೆಪ್ಪುಗಟ್ಟಲು ತಡ ಮಾಡುವ ಪ್ರತಿಕಾಯ, ದೇಹದಲ್ಲಿ ಹೆಪ್ಪುಗಟ್ಟಿಸುತ್ತದೆ. ಹೆಸರು 'ಆ್ಯಂಟಿಕೋಯಾಗುಲಂಟ್', ಅಂದರೆ ಹೆಪ್ಪು ತಡೆಯುವುದು. ಲೂಪಸ್ ಇಲ್ಲದವರಿಗೂ ಬರುತ್ತದೆ. ಹೆಸರಿಟ್ಟವರಿಗೆ ಕೈಲ್‌ಪೊಳ್ದ್ ಹಬ್ಬದ ಊಟ ಹಾಕಿಸಬೇಕು.

ಕಕ್ಕಬ್ಬೆ_ಏಲಕ್ಕಿ
ಚಿಕಿತ್ಸೆಯ ಪುರಾವೆ ಎಷ್ಟು ಗಟ್ಟಿ? ದಿನಾ ಚುಚ್ಚಿಕೊಳ್ಳಿ ಅಂತ ಹೇಳುವಾಗ ಕೇಳುತ್ತಾರೆ.

ತಡಿಯಂಡಮೋಳ್
ಹೆಚ್ಚಿನವರು ಎತ್ತಿ ತೋರಿಸುವುದು 1997ರ ಬ್ರಿಟನ್ನಿನ ಅಧ್ಯಯನ. 90 ಮಹಿಳೆಯರು, ಆ್ಯಸ್ಪಿರಿನ್ ಮಾತ್ರ ಕೊಟ್ಟ 45ರಲ್ಲಿ 19 ಮಂದಿಗೆ ಜೀವಂತ ಮಗು, ಜೊತೆಗೆ ಹೆಪಾರಿನ್ ಕೊಟ್ಟ 45ರಲ್ಲಿ 32 ಮಂದಿಗೆ. ಅಂದರೆ 42% ಎದುರು 71%.

ಗಾಜುಪಟ್ಟಿ
2002ರದ್ದೂ ಹೇಳಿ, ನ್ಯಾಯವಾಗಿರಲಿ. 98 ಮಹಿಳೆಯರು, ಆ್ಯಸ್ಪಿರಿನ್ ಒಂದೇ 72%, ಎರಡೂ ಸೇರಿ 78%. ಹೇಳಿಕೊಳ್ಳುವ ವ್ಯತ್ಯಾಸವಿಲ್ಲ.

ತಡಿಯಂಡಮೋಳ್
ಅದರಲ್ಲಿ ಪ್ರತಿಕಾಯದ ಮಟ್ಟ ಕಡಿಮೆ ಇದ್ದವರೂ ಸೇರಿದ್ದರು, ಕೆಲವರು ಗುಂಪು ಬದಲಾಯಿಸಿದರು. ಆದರೂ ಮಾತು ಒಪ್ಪುತ್ತೇನೆ: ಎರಡೂ ಕೊಟ್ಟರೂ ನಾಲ್ಕೈದು ಮಂದಿಯಲ್ಲಿ ಒಬ್ಬರಿಗೆ ಫಲ ಸಿಗುವುದಿಲ್ಲ. ಅದಕ್ಕೆ ಕಾರಣವೂ ಮೇಲೆ ಹೇಳಿದ್ದೇ. ಹೆಪಾರಿನ್ ಕಾಂಪ್ಲಿಮೆಂಟ್ ತಡೆದೀತು, ಜೀವಕೋಶದೊಳಗಿನ ಎಲ್ಲ ಗದ್ದಲ ನಿಲ್ಲಿಸದು. ಅಂಥವರಲ್ಲಿ ಹೈಡ್ರಾಕ್ಸಿಕ್ಲೋರೋಕ್ವಿನ್ ಸೇರಿಸುತ್ತಾರೆ, ದಿನಕ್ಕೆ 200ರಿಂದ 400 ಮಿಲಿಗ್ರಾಂ. ಪ್ರಯೋಗಾಲಯದಲ್ಲಿ ಅದು ಕಿತ್ತುಹೋದ ಅನೆಕ್ಸಿನ್ ಹೆಂಚನ್ನು ಮತ್ತೆ ಕೂರಿಸುವುದು ಕಂಡಿದೆ. ಹಿಂದೆ ಸ್ಟೀರಾಯ್ಡ್ ದೊಡ್ಡ ಪ್ರಮಾಣದಲ್ಲಿ ಕೊಡುತ್ತಿದ್ದರು. ಬಿಪಿ, ಶುಗರ್, ಅವಧಿಗೆ ಮೊದಲ ಹೆರಿಗೆ ಹೆಚ್ಚಾದವು, ಕೈಬಿಟ್ಟರು.

ಇನ್ನೊಂದು ಕಡೆಯ ತಪ್ಪೂ ಇದೆ. ಎಪಿಎಲ್‌ಎ ನೆಗೆಟಿವ್ ಇದ್ದರೂ ಎರಡು ಗರ್ಭ ಹೋಯಿತು ಅಂದ ಕೂಡಲೇ 'ಇರಲಿ' ಅಂತ ಹೆಪಾರಿನ್ ಬರೆಯುವುದು. ಕಾರಣ ಸಿಗದೆ ಗರ್ಭ ಹೋದವರಲ್ಲಿ ಆ್ಯಸ್ಪಿರಿನ್ನೂ ಹೆಪಾರಿನ್ನೂ ಲಾಭ ಕೊಡುವುದಿಲ್ಲ ಅಂತ 2010ರಲ್ಲೇ ಪ್ರಯೋಗ ಮಾಡಿ ನೋಡಿದ್ದಾರೆ. ಸಾವಿರಾರು ರೂಪಾಯಿ, ನೂರಾರು ಚುಚ್ಚು, ಫಲ ಸೊನ್ನೆ.

ಹೆರಿಗೆವಾರ್ಡ್
ಇಂಜೆಕ್ಷನ್ ವಿಷಯ ಇಲ್ಲಿ ಬರೆಯುತ್ತೇನೆ, ಬೇಕಾದ್ದು ತೆಗೆದುಕೊಳ್ಳಿ ಅಕ್ಕ.

ಹೆಚ್ಚಾಗಿ ಬರುವುದು ಹೆಪಾರಿನ್‌ನದೇ ಒಂದು ಬಗೆಯಾದ ಎನಾಕ್ಸಪರಿನ್ 40, ದಿನಕ್ಕೊಂದು, ತುಂಬಿಸಿಟ್ಟ ಸಿರಿಂಜ್. ಪ್ರಮಾಣ ತೂಕ ನೋಡಿ ಡಾಕ್ಟರ್ ಬದಲಿಸುತ್ತಾರೆ. ಒಳಗಿನ ಗಾಳಿಗುಳ್ಳೆ ಹೊರಗೆ ತಳ್ಳಬೇಡಿ, ತಳ್ಳಿದರೆ ಔಷಧಿಯೂ ಚೆಲ್ಲುತ್ತದೆ. ಹೊಕ್ಕುಳಿಂದ ಎರಡು ಬೆರಳಿಗಿಂತ ದೂರ, ಪಕ್ಕದಲ್ಲಿ. ಚರ್ಮ ಮಡಿಚಿ ಹಿಡಿದು ಸೂಜಿ ನೇರ ಪೂರ್ತಿ ಒಳಗೆ. ಸೂಜಿ ಹೊರಗೆ ಬರುವ ತನಕ ಮಡಿಕೆ ಬಿಡಬೇಡಿ. ತಿಕ್ಕಬೇಡಿ, ನೀಲಿಗಟ್ಟುವುದು ತಿಕ್ಕಿದ್ದಕ್ಕೇ. ಒಂದು ದಿನ ಎಡ, ಒಂದು ದಿನ ಬಲ. ಮಗುವಿಗೆ ಸೂಜಿ ತಾಗುತ್ತದೆ ಅನ್ನುವ ಭಯ ಎಲ್ಲರಿಗೂ ಇದೆ. ಅದು ಚರ್ಮದ ಕೆಳಗಿನ ಕೊಬ್ಬಿಗೆ ಮಾತ್ರ ಹೋಗುತ್ತದೆ, ಔಷಧಿಯೂ ಮಾಸು ದಾಟುವುದಿಲ್ಲ.

ಫ್ರಿಡ್ಜ್ ಬೇಡ. 25 ಡಿಗ್ರಿಯೊಳಗಿನ ಕೋಣೆ ಸಾಕು, ನಮ್ಮ ಮಳೆಗಾಲಕ್ಕೆ ಅದೇನು ಕಷ್ಟವಲ್ಲ. ಮೂರು ದಿನ ಕರೆಂಟ್ ಇಲ್ಲ ಅಂತ ಸಿರಿಂಜ್ ಬಿಸಾಡಬೇಡಿ. ಫ್ರೀಜರಿಗೆ ಹಾಕಿದ್ದರೆ ಮಾತ್ರ ಬಿಸಾಡಿ.

ಹೆರಿಗೆ ನೋವು ಶುರುವಾದರೆ ಅವತ್ತಿನ ಇಂಜೆಕ್ಷನ್ ಹಾಕಬೇಡಿ, ಫೋನ್ ಮಾಡಿ. ಬೆನ್ನಿಗೆ ಅರಿವಳಿಕೆ ಕೊಡಲು ಈ ಪ್ರಮಾಣಕ್ಕೆ 12 ಗಂಟೆ ಅಂತರ ಬೇಕು. ದೊಡ್ಡ ಪ್ರಮಾಣವಾದರೆ 24. ತೋಟದ ಒಳಗಿನ ಲೈನ್ ಮನೆಗಳಿಗೆ 108 ಬರುವುದೇ ಕಷ್ಟ ಅನ್ನುವ ಕಡೆಯವರನ್ನು ದಿನ ನೋಡಿ ಮೊದಲೇ ಅಡ್ಮಿಟ್ ಮಾಡಿಸಿ. ಹೆರಿಗೆಯಾದ ಮೇಲೂ 6 ವಾರ ಮುಂದುವರಿಸಬೇಕು. ಬಾಣಂತನಕ್ಕೆ ತವರಿಗೆ ಹೋದವರು ಇದನ್ನು ಬಿಡುವುದೇ ಹೆಚ್ಚು.

ಔಷಧಂಗಡಿ
ಹಂದಿಯ ಕರುಳಿನಿಂದ ಮಾಡಿದ್ದು ಅನ್ನುವುದನ್ನು ಹೇಳಬೇಕಾ? ಕೆಲವರು ಕೇಳುತ್ತಾರೆ.

ಹೆರಿಗೆವಾರ್ಡ್
ಕೇಳದಿದ್ದರೂ ಹೇಳಿ. ಪಂದಿಕರಿ ತಿನ್ನುವ ಮನೆಗೆ ಅದು ಸುದ್ದಿಯೇ ಅಲ್ಲ, ಮುಸ್ಲಿಂ ಮನೆಗೋ ಸಸ್ಯಾಹಾರಿ ಮನೆಗೋ ದೊಡ್ಡ ಸುದ್ದಿ. ಅರ್ಧದಲ್ಲಿ ಬೇರೆಯವರಿಂದ ಗೊತ್ತಾದರೆ ಅವತ್ತೇ ನಿಲ್ಲಿಸುತ್ತಾರೆ. ಮೊದಲೇ ಹೇಳಿದರೆ ತಮ್ಮ ಗುರುಗಳನ್ನು ಕೇಳಿ ತೀರ್ಮಾನ ಮಾಡಲು ಸಮಯ ಇರುತ್ತದೆ. ಫಾಂಡಾಪರಿನಕ್ಸ್ ಪ್ರಾಣಿಮೂಲದ್ದಲ್ಲ, ಆದರೆ ಇಲಿಗಳಲ್ಲಿ ಸೋತದ್ದು ಅದೇ ತಾನೆ. ಡಾಕ್ಟರ ಜೊತೆ ಮಾತಾಡಿಯೇ ಬದಲಿಸಬೇಕು.

ಸೋಮವಾರಪೇಟೆ92
ಮದ್ದುಸೊಪ್ಪಿನ ಪಾಯಸ? ಕೊಡಗಿನ ಕಕ್ಕಡ ತಿಂಗಳ ಹದಿನೆಂಟಕ್ಕೆ ಎಲ್ಲರ ಮನೆಯಲ್ಲೂ.

ನೀಲಿಮುಚ್ಚಳ
ಇದು ಟಿಪ್ಪಣಿಗೆ ಬೇಕೇ ಬೇಕು! ಮದ್ದುಸೊಪ್ಪು ತಿಂದ ಮೇಲೆ ಮೂತ್ರ ಕೆಂಪಾಗುತ್ತದೆ, ಇಲ್ಲಿಯವರಿಗೆ ಗೊತ್ತು. ಹೊರಗಿನಿಂದ ಬಂದ ಸೊಸೆಗೋ ಹೊಸ ಸಿಸ್ಟರ್‌ಗೋ ಗೊತ್ತಿರುವುದಿಲ್ಲ. ಹೆಪಾರಿನ್ ಮೇಲಿರುವ ಬಸುರಿ ಆಗಸ್ಟ್ 3ರ ಆಸುಪಾಸಿನಲ್ಲಿ ಕೆಂಪು ಮೂತ್ರ ಅಂತ ಬಂದರೆ ಮೊದಲು ಪಾಯಸ ತಿಂದಿರಾ ಅಂತ ಕೇಳಿ, ಆಮೇಲೆ ಡಿಪ್‌ಸ್ಟಿಕ್ ಅದ್ದಿ, ಸಂಶಯ ಉಳಿದರೆ ಮೂತ್ರ ತಿರುಗಿಸಿ ತಳದಲ್ಲಿ ಕೆಂಪು ಕಣ ಇದೆಯಾ ನೋಡಿ. ಪಾಯಸ ತಿಂದಿದ್ದಾರೆ ಅಂತ ಪರೀಕ್ಷೆ ಮಾಡದೆ ಕಳಿಸುವುದೂ ತಪ್ಪೇ. ಸೊಪ್ಪು ಬಸುರಿಗೆ ಒಳ್ಳೆಯದೋ ಕೆಟ್ಟದ್ದೋ ಎಂಬ ಜಗಳಕ್ಕೆ ಬರುವುದಿಲ್ಲ.

ಬರಪೊಳೆ
ಹಾಗೇ ಕಾಫಿ. ಕಾಫಿ ಕುಡಿದದ್ದಕ್ಕೇ ಹೋಯಿತು ಅಂತ ಅತ್ತೆ ತೀರ್ಪು ಕೊಟ್ಟಿರುತ್ತಾರೆ.

ತಡಿಯಂಡಮೋಳ್
ದಿನಕ್ಕೆ 200 ಮಿಲಿಗ್ರಾಂ ಕೆಫೀನ್ ಒಳಗಿರಲಿ. ರೋಬಸ್ಟಾದಲ್ಲಿ ಅರೇಬಿಕಾದ ಸುಮಾರು ಎರಡರಷ್ಟು ಇರುತ್ತದೆ, ಚಿಕೋರಿಯಲ್ಲಿ ಇಲ್ಲ. ಚಿಕೋರಿ ಬೆರೆಸಿದ ಸಣ್ಣ ಲೋಟ ಎರಡು ಕುಡಿದವರನ್ನು ಅಪರಾಧಿ ಮಾಡಬೇಡಿ. ಎಪಿಎಲ್‌ಎ ಕಾಫಿಯಿಂದ ಬರುವುದಿಲ್ಲ.

ಗಾಜುಪಟ್ಟಿ
ಮಗು ಹೋದಾಗ ಮಾಸನ್ನು ಹಳದಿ ಚೀಲಕ್ಕೆ ಹಾಕುವ ಮೊದಲು ಒಂದು ಮಾತು. ಪರೀಕ್ಷೆಗೆ ಕಳಿಸಿ. ಮೊದಲು ತೂಗಿ ಬರೆಯಿರಿ, ಫಾರ್ಮಲಿನ್‌ಗೆ ಹಾಕಿದ ಮೇಲೆ ತೂಕ ಬದಲಾಗುತ್ತದೆ. ಅಗಲ ಬಾಯಿಯ ಡಬ್ಬಿ, ಮಾಸಿನ ಹತ್ತು ಪಟ್ಟು 10% ಫಾರ್ಮಲಿನ್. ಚಿಕ್ಕ ಬಾಟಲಿಗೆ ತುರುಕಿದರೆ ಒಳಗೆ ಕೊಳೆತಿರುತ್ತದೆ, ನಮಗೆ ಏನೂ ಓದಲು ಆಗುವುದಿಲ್ಲ. ಎಷ್ಟು ವಾರ, ಬಿಪಿ ಎಷ್ಟು, ಎಪಿಎಲ್‌ಎ ಗೊತ್ತಿದ್ದರೆ ಅದು, ಮೂರೂ ಫಾರಂನಲ್ಲಿ ಇರಲಿ. ಹೆಪ್ಪು ಹುಡುಕುವುದಷ್ಟೇ ಅಲ್ಲ, ಸುರುಳಿ ನಾಳ ಅಗಲವಾಗಿದೆಯಾ, ಉರಿಯೂತದ ಕಣ ಎಲ್ಲಿವೆ ಅಂತಲೂ ನೋಡುತ್ತೇವೆ.

ಕಕ್ಕಬ್ಬೆ_ಏಲಕ್ಕಿ
ತಿದ್ದಿದ ಸಾಲು ಹೀಗೆ: "ಈ ಪ್ರತಿಕಾಯಗಳು ಮಾಸಿನ ಜೀವಕೋಶಕ್ಕೆ ಅಂಟಿ ಉರಿಯೂತ ಎಬ್ಬಿಸುತ್ತವೆ, ಮಾಸು ಬೇರು ಬಿಡದಂತೆ ಮಾಡುತ್ತವೆ. ಹೆಪ್ಪುಗಟ್ಟುವುದೂ ಉಂಟು, ಆದರೆ ಅದೊಂದೇ ಅಲ್ಲ. ಆ್ಯಸ್ಪಿರಿನ್ ಮಾತ್ರೆ ರಾತ್ರಿ ಊಟವಾದ ಮೇಲೆ, ಎನಾಕ್ಸಪರಿನ್ 40 ಯೂನಿಟ್ ದಿನಕ್ಕೊಮ್ಮೆ, ಡಾಕ್ಟರ್ ಹೇಳುವವರೆಗೆ ನಿಲ್ಲಿಸಬಾರದು. ತಲೆನೋವು, ಕಣ್ಣು ಮಂಜು, ಎದೆಗೂಡಿನ ಕೆಳಗೆ ನೋವು, ಮಗು ಒದೆಯುವುದು ಕಡಿಮೆ, ಬಿಪಿ 140/90 ಅಥವಾ ಅದಕ್ಕಿಂತ ಮೇಲೆ, ಇವುಗಳಲ್ಲಿ ಒಂದು ಇದ್ದರೂ ಅವತ್ತೇ ಆಸ್ಪತ್ರೆಗೆ."

ಔಷಧಂಗಡಿ
40 ಯೂನಿಟ್ ಅಲ್ಲ ಮೇಡಂ! 40 ಮಿಲಿಗ್ರಾಂ. ಅಂದರೆ 4000 ಯೂನಿಟ್, 0.4 ಎಂಎಲ್. ಯೂನಿಟ್ ಅಂತ ಬರೆದರೆ ಯಾರಾದರೂ ಇನ್ಸುಲಿನ್ ಸಿರಿಂಜ್ ಎತ್ತಿಕೊಂಡಾರು.

ಕಕ್ಕಬ್ಬೆ_ಏಲಕ್ಕಿ
ಅಯ್ಯೋ ಹೌದು. ತಿದ್ದಿದೆ. ಯೂನಿಟ್ ಎಂಬ ಪದವನ್ನೇ ಇಡೀ ಪುಟದಿಂದ ತೆಗೆದಿದ್ದೇನೆ.

ನೀಲಿಮುಚ್ಚಳ
ಕಾರ್ಡಿಯೋಲಿಪಿನ್ ಮುಂದಿನ 40ರ ಹತ್ತಿರ ಮಾತ್ರ ವಾಪಸ್ ಹಾಕಿ. ಅದು ಯೂನಿಟ್ಟೇ.